ಹಗುರವಾದ ಪೀಚ್ ಕಾಬ್ಲರ್

ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಬೇಸಗೆಯು ಬಂತೆಂದರೆ ಪೀಚ್ ಹಣ್ಣಿನ ಕಾಲವು ಬಂತೆಂದೇ ಅರ್ಥ. ಜಾರ್ಜಿಯಕ್ಕಂತೂ ಪೀಚ್ ನಾಡೆಂಬ ಅಡ್ಡಹೆಸರೇ ಉಂಟು. ಆ ಹಣ್ಣಿನಿಂದ ಅಲ್ಲಿಯ ಗೃಹಿಣಿಯರು ಮಾಡುವ ಭಕ್ಷ್ಯಗಳಲ್ಲಿ ಕಾಬ್ಲರ್ ಎಂಬುದು ಬಹು ಪ್ರಸಿದ್ಧವಾದುದು. ಜೋಡು ಹೊಲಿಯುವವನಿಗೂ ಆಂಗ್ಲ ಭಾಷೆಯಲ್ಲಿ ಇದೇ ಹೆಸರಿರುವುದನ್ನು ಕಂಡು ವಾಚಕರು ನಗಬಹುದು. ಭಕ್ಷ್ಯಕ್ಕೆ ಈ ಹೆಸರು ಬಂದ ಬಗೆಯು ಪಂಡಿತರಲ್ಲಿಯೂ ಇತ್ಯರ್ಥವಾಗಿಲ್ಲ. ತಳದಲ್ಲಿ ಹಣ್ಣಿನ ಹೋಳು, ಮೇಲೆ ಹಿಟ್ಟಿನ ಹೊದಿಕೆ, ಎರಡೂ ಒಂದೇ ಪಾತ್ರೆಯಲ್ಲಿ ಬೇಯುವುದು. ಇಷ್ಟೇ ಇದರ ಮರ್ಮ. ಹಿಂದಿನ ವಲಸೆಗಾರರು ಎರಕದ ಕಬ್ಬಿಣದ ಪಾತ್ರೆಯನ್ನು ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೆಯೂ ಕೆಂಡವನ್ನು ಹರವಿ ಇಂತಹ ಭಕ್ಷ್ಯಗಳನ್ನು ಬೇಯಿಸುತ್ತಿದ್ದರು.

ಅಲ್ಲಿ ರೂಢಿಯಲ್ಲಿರುವ ಅಳತೆಯು ಇಂತಿದೆ: ಮೈದಾ ಒಂದು ಬಟ್ಟಲು, ಹಾಲು ಒಂದು ಬಟ್ಟಲು, ಸಕ್ಕರೆ ಒಂದು ಬಟ್ಟಲು, ಬೆಣ್ಣೆ ಅರ್ಧ ಬಟ್ಟಲು, ಹಣ್ಣು ನಾಲ್ಕು ಬಟ್ಟಲು. ಇದನ್ನು ಆರು ಜನರಿಗೆ ಹಂಚಿದರೆ ಒಬ್ಬೊಬ್ಬರಿಗೆ ಸುಮಾರು 400 ಕ್ಯಾಲೊರಿ ಸಲ್ಲುವುದು. ಪ್ರೋಟೀನ್ ಎಂದು ಕರೆಯುವ ಸಸಾರಜನಕವಾದರೋ ನಾಲ್ಕೇ ಗ್ರಾಂ. ಹಬ್ಬದ ದಿನದ ಮಟ್ಟಿಗೆ ಇದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ ವೃದ್ಧರಿರುವ ಮನೆಗಳನ್ನು ನೆನೆದಾಗ ವಿಚಾರವು ಬೇರೆಯಾಗುತ್ತದೆ. ಹಲ್ಲು ಸಡಿಲವಾಗಿ, ಹಸಿವು ಕುಂದಿ, ಊಟವನ್ನು ಅರ್ಧಕ್ಕೇ ಬಿಟ್ಟೇಳುವ ಹಿರಿಯರು ಮೆತ್ತಗಿನ ಸಿಹಿಯನ್ನು ಮಾತ್ರ ಬೇಡವೆನ್ನುವುದು ಅಪರೂಪ. 2020ರಲ್ಲಿ ಭಾರತದ ರಾಷ್ಟ್ರೀಯ ಪೋಷಣ ಸಂಸ್ಥೆಯು ದೇಹತೂಕದ ಪ್ರತಿಯೊಂದು ಕಿಲೋಗ್ರಾಂಗೆ ದಿನಕ್ಕೆ 0.83 ಗ್ರಾಂ ಸಸಾರಜನಕವು ಬೇಕೆಂದು ಗೊತ್ತುಮಾಡಿತು. 50 ಕಿಲೋ ತೂಗುವವರಿಗೆ ಇದು ಸುಮಾರು 41 ಗ್ರಾಂ ಆಯಿತು. ಅವರು ಒಲ್ಲೆನೆನ್ನದೆ ತಿನ್ನುವ ತಿಂಡಿಯಲ್ಲಿಯೇ ಇದರ ನಾಲ್ಕನೆಯ ಒಂದು ಪಾಲನ್ನು ಒದಗಿಸಲು ಸಾಧ್ಯವಾದರೆ ಅದು ಅಲ್ಪ ಲಾಭವಲ್ಲ.

ನಾಲ್ಕು ಜನರಿಗೆ ಬೇಕಾದ ಸಾಮಾನುಗಳು: ಮಾಗಿದ ಪೀಚ್ ಹಣ್ಣು 500 ಗ್ರಾಂ, ಗೋಧಿಹಿಟ್ಟು 80 ಗ್ರಾಂ, ಬಾದಾಮಿಯ ಪುಡಿ 30 ಗ್ರಾಂ, ಕೆನೆ ತೆಗೆದ ಹಾಲಿನ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರು 200 ಗ್ರಾಂ, ಮೊಟ್ಟೆ ಎರಡು, ಸಕ್ಕರೆ ಮೂರು ದೊಡ್ಡ ಚಮಚ, ಬೆಣ್ಣೆ ಒಂದು ದೊಡ್ಡ ಚಮಚ, ಬೇಕಿಂಗ್ ಪೌಡರು ಒಂದು ಚಿಕ್ಕ ಚಮಚ, ಚಿಟಿಕೆ ಉಪ್ಪು.

ಮೊದಲು ಹಣ್ಣಿನ ಹೋಳುಗಳಿಗೆ ಒಂದು ಚಮಚ ಸಕ್ಕರೆ, ಸ್ವಲ್ಪ ನಿಂಬೆರಸ, ಒಂದು ಚಿಕ್ಕ ಚಮಚ ಕಾರ್ನ್‌ಫ್ಲೋರ್, ಬೇಕಾದರೆ ದಾಲ್ಚಿನ್ನಿಯ ಪುಡಿ ಸೇರಿಸಿ ಒಲೆಯ ಮೇಲೆ ಐದು ನಿಮಿಷ ಕುದಿಸತಕ್ಕದ್ದು. ಈ ಕೆಲಸವನ್ನು ಯಾರೂ ಬಿಡಬಾರದು. ತಣ್ಣನೆಯ ಹಣ್ಣಿನ ಮೇಲೆ ಹಿಟ್ಟನ್ನು ಹಾಕಿದರೆ ಮೇಲ್ಭಾಗವು ಕೆಂಪಾದರೂ ರಸಕ್ಕೆ ತಗಲಿದ ಒಳಪದರವು ಹಸಿಯಾಗಿ ಅಂಟಂಟಾಗಿಯೇ ಉಳಿಯುವುದು. ಬಿಸಿಯ ರಸವಾದರೆ ಹೊದಿಕೆಯನ್ನು ಕೆಳಗಿನಿಂದಲೂ ಬೇಯಿಸುವುದು. ಮೊಸರು, ಮೊಟ್ಟೆ, ಕರಗಿಸಿದ ಬೆಣ್ಣೆ, ಉಳಿದ ಸಕ್ಕರೆ ಇವನ್ನು ಚೆನ್ನಾಗಿ ಕಡೆದು, ಹಿಟ್ಟು ಮೊದಲಾದ ಒಣ ಪದಾರ್ಥಗಳನ್ನು ಮೆಲ್ಲನೆ ಕೂಡಿಸಿ, ಗಟ್ಟಿಯಾದ ಇಡ್ಲಿಹಿಟ್ಟಿನ ಹದಕ್ಕೆ ತಂದು, ಹಣ್ಣಿನ ಮೇಲೆ ಅಲ್ಲಲ್ಲಿ ಸೌಟಿನಿಂದ ಬಿಡಬೇಕು. 190 ಡಿಗ್ರಿ ಸೆಂಟಿಗ್ರೇಡ್ ಶಾಖದ ಓವನ್ನಿನಲ್ಲಿ 25ರಿಂದ 30 ನಿಮಿಷ ಬೇಯಿಸಿ, ಕಡ್ಡಿ ಚುಚ್ಚಿ ನೋಡಿ ತೆಗೆಯುವುದು. ಹತ್ತು ನಿಮಿಷ ಆರಿದ ಮೇಲೆಯೇ ರಸವು ಗಟ್ಟಿಯಾಗುವುದರಿಂದ ಮಕ್ಕಳ ಅವಸರಕ್ಕೆ ಕಿವಿಗೊಡಬಾರದು.

ಹೀಗೆ ಮಾಡಿದುದರಲ್ಲಿ ಒಬ್ಬರ ಪಾಲಿಗೆ 300ಕ್ಕಿಂತ ಕಡಿಮೆ ಕ್ಯಾಲೊರಿಯೂ ಸುಮಾರು 11 ಗ್ರಾಂ ಸಸಾರಜನಕವೂ ಬರುವುದು. ಬೆಣ್ಣೆಯನ್ನು ಪೂರ್ಣವಾಗಿ ಬಿಡಬೇಕೆಂಬ ಉತ್ಸಾಹಿಗಳ ಮಾತನ್ನು ನಾವು ಒಪ್ಪಲಾರೆವು. ಆ ಒಂದು ಚಮಚವೂ ಇಲ್ಲದಿದ್ದರೆ ಹೊದಿಕೆಯು ಚರ್ಮದಂತೆ ಜಗ್ಗುವುದು, ಆಗ ಹೆಸರು ಸಾರ್ಥಕವಾದೀತು! ಹಾಲಿನ ತಿಳಿಯಿಂದ ತೆಗೆದ ಸಸಾರಜನಕದ ಪುಡಿಯನ್ನು ಡಬ್ಬದಿಂದ ಸುರಿಯುವ ಪದ್ಧತಿಯೂ ಈಗ ಬಹಳವಾಗಿದೆ. ಹೆಚ್ಚಾಗಿ ಹಾಕಿದ ಪುಡಿಯು ಶಾಖಕ್ಕೆ ಬಿರುಸಾಗಿ ತಿನಿಸನ್ನು ಒಣಗಿಸುವುದು. ಮೊಸರು, ಮೊಟ್ಟೆಗಳಿರುವಾಗ ಅದರ ಅವಶ್ಯಕತೆಯೇ ಇಲ್ಲ.

ಮೊಟ್ಟೆಯನ್ನು ಬಳಸದವರು ಅದರ ಬದಲು 60 ಗ್ರಾಂ ಪನೀರನ್ನು ನುಣ್ಣಗೆ ಅರೆದು, ಹಸಿವಾಸನೆ ಹೋಗುವಂತೆ ಹುರಿದ ಎರಡು ಚಮಚ ಕಡಲೆಹಿಟ್ಟಿನೊಡನೆ ಸೇರಿಸಿ, ಸ್ವಲ್ಪ ಹಾಲಿನಿಂದ ಸಡಿಲಿಸಿಕೊಳ್ಳಬಹುದು. ಪೀಚ್ ದೊರೆಯದಲ್ಲಿ ಗಟ್ಟಿಯಾದ ಮಾವಿನ ಹೋಳು ಒಪ್ಪುವುದು; ಸಿಹಿ ಮಾವಾದರೆ ಹಣ್ಣಿಗೆ ಹಾಕುವ ಸಕ್ಕರೆಯನ್ನು ಬಿಟ್ಟುಬಿಡಿ. ಓವನ್ ಇಲ್ಲದ ಮನೆಯಲ್ಲಿ ದಪ್ಪ ತಳದ ಪಾತ್ರೆಯನ್ನು ಭದ್ರವಾಗಿ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬಹುದು. ಮೇಲ್ಭಾಗವು ಕೆಂಪಾಗದು, ರುಚಿಗೇನೂ ಕೊರತೆಯಿಲ್ಲ. ಮಧುಮೇಹದವರಿಗೆ ಇದೂ ಸಿಹಿಯೇ ಎಂಬುದನ್ನು ಮರೆಯಬಾರದು. ಮೂತ್ರಪಿಂಡದ ರೋಗವಿರುವವರಿಗೆ ಸಸಾರಜನಕವನ್ನು ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳತಕ್ಕದ್ದು.

ಮಿಕ್ಕುದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಕೆಡದು. ಮರುದಿನ ಹೊದಿಕೆಯು ರಸವನ್ನು ಹೀರಿ ಮೆತ್ತಗಾಗಿರುವುದು. ಹಲ್ಲಿಲ್ಲದ ಅಜ್ಜಂದಿರು ಅದನ್ನೇ ಹೆಚ್ಚಾಗಿ ಮೆಚ್ಚುವರು.