ನಲ್ಲಿ ಒಣಗಿದರೆ ಯಾರನ್ನು ಕೇಳಬೇಕು?

ಹಳ್ಳಿಯ ನಲ್ಲಿಯಲ್ಲಿ ಎರಡು ದಿನ ನೀರು ಬಾರದಿದ್ದರೆ ಮೊದಲು ಬೈಸಿಕೊಳ್ಳುವವನು ನೀರು ಬಿಡುವ ನೀರುಗಂಟಿ. ಅವನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕಡೆ ಕೈ ತೋರಿಸುತ್ತಾನೆ. ಮೋಟರು ಸುಟ್ಟಿದೆ, ಅನುದಾನ ಬಂದಿಲ್ಲ ಎನ್ನುತ್ತಾರೆ ಪಿಡಿಒ. ಎಷ್ಟೋ ಸಲ ಅದು ನೆಪವೂ ಅಲ್ಲ. ಆ ಒಂದು ಕೊಡ ನೀರಿಗೆ ದೆಹಲಿ, ಬೆಂಗಳೂರು, ಪಂಚಾಯಿತಿ ಮೂರೂ ವಾರಸುದಾರರು.

ಸಂವಿಧಾನದ 7ನೇ ಅನುಸೂಚಿ ನೀರನ್ನು ರಾಜ್ಯಪಟ್ಟಿಗೆ ಸೇರಿಸಿದೆ. ಸ್ಥಳೀಯ ಆಡಳಿತ ಇರುವುದೂ ಅದೇ ಪಟ್ಟಿಯಲ್ಲಿ. ಕೇಂದ್ರ ಮತ್ತು ರಾಜ್ಯಗಳ ಅಧಿಕಾರವನ್ನು ಸಂವಿಧಾನವೇ ಪಾಲು ಮಾಡಿದೆ, ಪಂಚಾಯಿತಿಗೆ ಮಾತ್ರ ಹಾಗೆ ಸ್ವಂತದ ಪಾಲಿಲ್ಲ. 1993ರಲ್ಲಿ ಜಾರಿಯಾದ 73ನೇ ತಿದ್ದುಪಡಿ ಐದು ವರ್ಷದ ಅವಧಿ, ಮಹಿಳಾ ಮೀಸಲಾತಿ, ರಾಜ್ಯ ಚುನಾವಣಾ ಆಯೋಗಗಳನ್ನು ಕಡ್ಡಾಯ ಮಾಡಿತು. ಆದರೆ 11ನೇ ಅನುಸೂಚಿಯ 29 ವಿಷಯಗಳಲ್ಲಿ ಯಾವುದನ್ನು, ಎಷ್ಟು ಬಿಟ್ಟುಕೊಡಬೇಕು ಎಂಬುದನ್ನು ರಾಜ್ಯದ ಇಚ್ಛೆಗೇ ಬಿಟ್ಟಿತು. ಕಡ್ಡಾಯದ ಬಲವೂ ಅಷ್ಟಕ್ಕಷ್ಟೆ: ಕರ್ನಾಟಕದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆ ತಿದ್ದುಪಡಿಗೂ ಹತ್ತು ವರ್ಷ ಮೊದಲೇ ಇಲ್ಲಿ ಪಂಚಾಯಿತಿ ಕಾಯ್ದೆ ತಂದವರು ಅಬ್ದುಲ್ ನಜೀರ್ ಸಾಬ್. ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಅದೇ ಸಚಿವರು. ಅವರ ನಾಡಿನಲ್ಲೇ ಪಂಚಾಯಿತಿ ಚುನಾವಣೆ ಹೀಗೆ ನಿಂತುಹೋಯಿತಲ್ಲ ಎನಿಸುತ್ತದೆ.

ದುಡ್ಡಿನ ದಾರಿ ಇನ್ನಷ್ಟು ಸುತ್ತು. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಕೇಂದ್ರದ ಯೋಜನೆ. ತಲೆಗೆ ದಿನಕ್ಕೆ 55 ಲೀಟರ್ ಎಂಬ ಲೆಕ್ಕ ಅದರದು; ಕರ್ನಾಟಕದಲ್ಲಿ ಖರ್ಚು ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ. ಟೆಂಡರ್ ಕರೆದು ಪೈಪು ಹೂಳಿಸುವವರು ರಾಜ್ಯದ ಎಂಜಿನಿಯರುಗಳು. ಕಾಮಗಾರಿ ಮುಗಿದು ಹಸ್ತಾಂತರವಾದ ಮೇಲೆ ಮೋಟರು, ವಾಲ್ವು, ನೀರುಗಂಟಿಯ ಸಂಬಳ ಎಲ್ಲ ಪಂಚಾಯಿತಿಯ ತಲೆಗೆ. ಅದರ ಕೈಯಲ್ಲಿರುವುದು ಮನೆ ಕಂದಾಯ, ನೀರಿನ ಕರ ಮತ್ತು ಮೇಲಿನಿಂದ ಬರುವ ಅನುದಾನ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಬಳಸಬೇಕೆಂದು ಕಟ್ಟಿಹಾಕಿತ್ತು. ಉಳಿದ ಭಾಗವನ್ನೂ ಸಂಬಳಕ್ಕೆ ಮುಟ್ಟುವಂತಿರಲಿಲ್ಲ.

ಪಿಡಿಒ ಸರ್ಕಾರಿ ನೌಕರ, ಅಧ್ಯಕ್ಷರು ಚುನಾಯಿತರು. ಪಂಚಾಯಿತಿ ಸದಸ್ಯರನ್ನು ಆರಿಸುವ ಊರಿಗೆ ಪಿಡಿಒ ಅವರನ್ನು ವರ್ಗ ಮಾಡಿಸುವ ಅಧಿಕಾರವಿಲ್ಲ. ಪಿಡಿಒ, ಅಧ್ಯಕ್ಷರ ನಡುವೆ ಹೊಂದಾಣಿಕೆಯಾಗದಿದ್ದರೆ ಬಿಲ್ಲು ಕೂತಲ್ಲೇ ಕೂರುತ್ತದೆ.

ಹಾಗಾದರೆ ಯಾರನ್ನು ಕೇಳುವುದು? ಮೋಟರು, ವಾಲ್ವು, ನೀರು ಬಿಡುವ ಹೊತ್ತು ಪಂಚಾಯಿತಿಯ ಜವಾಬ್ದಾರಿ; ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪೈಪು ಹಾಕಿಯೂ ನೀರೇ ಬಾರದಿದ್ದರೆ ಅದು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಶ್ನೆ, ಶಾಸಕರನ್ನು ಹಿಡಿಯಬೇಕಾದದ್ದೂ ಅಲ್ಲೇ. ಹಸ್ತಾಂತರವಾಗಿದೆಯೇ ಎಂದು ಮೊದಲು ಕೇಳಿ. ಅರ್ಧ ಜಗಳ ಇರುವುದೇ ಅದರಲ್ಲಿ. ಹೊಸ ಟ್ಯಾಂಕು ಬೇಕಿದ್ದರೆ ವಾರ್ಡ್ ಸಭೆ, ಗ್ರಾಮ ಸಭೆಗೆ ಹೋಗಿ ಬೇಡಿಕೆಯನ್ನು ನಡಾವಳಿಯಲ್ಲಿ ಬರೆಸಿ. ಮುಂದಿನ ವರ್ಷದ ಕ್ರಿಯಾ ಯೋಜನೆ ಹುಟ್ಟುವುದು ಅಲ್ಲಿಂದ.