ದಾರಿಯಲ್ಲಿ ನಿಲ್ಲುವ ಬೈಕ್, ಮನೆಯಲ್ಲಿ ನಿಲ್ಲದ ಖರ್ಚು

ಮಿಕ್ಸಿ ಎರಡು ಸಲ ಕೆಟ್ಟರೆ 'ಎಸೆದು ಹೊಸತು ತರೋಣ' ಎನ್ನುವ ಗಂಡಸು, ತನ್ನ ಹಳೆಯ ಬೈಕ್ ಹತ್ತು ಸಲ ಕೆಟ್ಟರೂ ಬಿಡಲು ಒಪ್ಪುವುದಿಲ್ಲ. ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳ ವಿಷಯದಲ್ಲಂತೂ ಕೇಳುವುದೇ ಬೇಡ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮರಳಿ ಬಂದರೂ ಅವು ನಾಲ್ಕು ಸ್ಟ್ರೋಕಿನ ಬೇರೆಯೇ ಯಂತ್ರಗಳು. ಹಳೆಯ ಎರಡು ಸ್ಟ್ರೋಕಿನವುಗಳಲ್ಲಿ ಅತಿ ಕಿರಿಯದಕ್ಕೂ ಈಗ 30ರ ಆಸುಪಾಸಿನ ಪ್ರಾಯ. ಆ ವಯಸ್ಸಿಗೆ ಸಣ್ಣಪುಟ್ಟ ಕಾಯಿಲೆ ಸಹಜ.

ಅಂತಹ ಬೈಕಿನಲ್ಲಿ ಪೇಟೆಗೆ ಹೋಗಿ ಬರುವುದು ಬೇರೆ, ಮಂಗಳೂರಿನಿಂದ ಚಾರ್ಮಾಡಿ ಹತ್ತಿ ಚಿಕ್ಕಮಗಳೂರಿಗೆ ಹೋಗುವುದು ಬೇರೆ. ಪೇಟೆಯಲ್ಲಿ ನಿಂತರೆ ತಳ್ಳಿಕೊಂಡು ಗ್ಯಾರೇಜು ಸೇರಬಹುದು. ಮಗ್ರಿಬ್ ಹೊತ್ತಿಗೆ, ಹಿಂದೆ ಹೆಂಡತಿ ಮಗು ಕುಳಿತಿರುವಾಗ, ಘಾಟಿಯ ತಿರುವಿನಲ್ಲಿ ನಿಂತರೆ?

ರಿಪೇರಿ ಮೇಲೆ ರಿಪೇರಿ ಯಾಕಾಗುತ್ತದೆ? ಹೆಚ್ಚಿನ ಸಲ ಭಾಗ ಬದಲಾಗುತ್ತದೆ, ಕಾರಣ ಹಾಗೆಯೇ ಉಳಿಯುತ್ತದೆ. ಒಂದು ಉದಾಹರಣೆ ನೋಡಿ. ಬೈಕ್ ಮೂವತ್ತು ನಲವತ್ತು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟು ಒದ್ದರೆ ಸ್ಟಾರ್ಟ್ ಆಗುತ್ತದೆ. ಮೆಕ್ಯಾನಿಕ್ ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುತ್ತಾನೆ. ಅಷ್ಟರಲ್ಲಿ ಎಂಜಿನ್ ತಣಿದಿರುತ್ತದೆ, ಬೈಕ್ ಓಡುತ್ತದೆ, ಹಣ ಕೊಟ್ಟು ಬರುತ್ತೇವೆ. ಮುಂದಿನ ಪ್ರಯಾಣದಲ್ಲಿ ಮತ್ತದೇ ಕಥೆ. ಬಿಸಿಯಾದಾಗ ಮಾತ್ರ ಕೈಕೊಡುವ ಕಂಡೆನ್ಸರ್ ಅಥವಾ ಇಗ್ನಿಷನ್ ಕಾಯಿಲನ್ನು ಯಾರೂ ಮುಟ್ಟಿರುವುದಿಲ್ಲ. ಬೆರಳ ಗಾತ್ರದ ಕಂಡೆನ್ಸರಿಗಾಗಿ ಮೂರು ಸಲ ಕಾರ್ಬ್ಯುರೇಟರ್ ತೊಳೆಸಿದವರು ಎಷ್ಟೋ ಮಂದಿ!

ಹಾಗಾಗಿ ಒಂದು ನೋಟ್‌ಬುಕ್ ಇಡುವುದು ಒಳ್ಳೆಯದು. ಯಾವ ದಿನ, ಎಷ್ಟು ಕಿಲೋಮೀಟರ್ ಓಡಿದ ಮೇಲೆ, ಏರಿನಲ್ಲೋ ಇಳಿಜಾರಿನಲ್ಲೋ, ಮಳೆಯಲ್ಲೋ ಬಿಸಿಲಲ್ಲೋ ನಿಂತಿತು, ಏನು ಬದಲಿಸಿದರು, ಎಷ್ಟು ಕೊಟ್ಟೆವು ಎಂದು ಬರೆದಿಟ್ಟರೆ ಒಳ್ಳೆಯ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದಂತೆ. ಲೆಕ್ಕ ಮನೆಯಾಕೆಯ ಕಣ್ಣಿಗೂ ಬೀಳಲಿ. ರೇಷನ್ನಿನ ಹಣ ಎಲ್ಲಿ ಹೋಯಿತೆಂದು ಆಕೆ ಕೇಳುವ ಮೊದಲೇ ಉತ್ತರ ಅಲ್ಲಿರುತ್ತದೆ.

ಕೆಲವು ಲಕ್ಷಣಗಳನ್ನು ಕಡೆಗಣಿಸಲೇಬಾರದು. ಹೊಗೆ ದಟ್ಟವಾಗಿ ಗೇರ್ ಆಯಿಲ್ ಕಡಿಮೆಯಾಗುತ್ತಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಸವೆದಿರಬಹುದು. ಇನ್ನೊಂದು ಬದಿಯ ಸೀಲ್ ಹೋದರೆ ಹೊರಗಿನ ಗಾಳಿ ಒಳನುಗ್ಗಿ ಎಂಜಿನ್ ತಾನಾಗಿಯೇ ರೇಸ್ ಆಗುತ್ತದೆ, ಅತಿಯಾಗಿ ಕಾಯುತ್ತದೆ, ಕೊನೆಗೆ ಪಿಸ್ಟನ್ ಜಾಮ್ ಆಗುತ್ತದೆ. ಆಗ ಹಿಂದಿನ ಚಕ್ರವೂ ಬಿಗಿದು ಬೈಕ್ ಜಾರುತ್ತದೆ. ಆ ಕ್ಷಣದಲ್ಲಿ ಕೈ ಹೋಗಬೇಕಾದದ್ದು ಕ್ಲಚ್ಚಿಗೆ. ಘಾಟಿ ಇಳಿಯುವಾಗಲೂ ಎಚ್ಚರ ಬೇಕು. ಈ ಎಂಜಿನ್ನಿಗೆ ಆಯಿಲ್ ಸಿಗುವುದು ಪೆಟ್ರೋಲಿನ ಜೊತೆಗೆ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಉದ್ದಕ್ಕೆ ಇಳಿದರೆ ಚಕ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ, ಆಯಿಲ್ ಮಾತ್ರ ಸಾಕಷ್ಟು ತಲುಪುವುದಿಲ್ಲ. ಆಗಾಗ ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಿರಬೇಕು.

ಈಗ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ. ಅದು ತೇವಾಂಶ ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಹಾಳು ಮಾಡುತ್ತದೆ. ಬೈಕ್ ವಾರಗಟ್ಟಲೆ ನಿಲ್ಲುವುದಿದ್ದರೆ ಕಾರ್ಬ್ಯುರೇಟರಿನಲ್ಲಿರುವ ಪೆಟ್ರೋಲನ್ನು ಇಳಿಸಿಡಬೇಕು.

ರಿಪೇರಿಯಾದ ಮರುದಿನವೇ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ದೂರ ಹೊರಡುವುದು ನನ್ನ ಮಟ್ಟಿಗೆ ಶುದ್ಧ ಹುಚ್ಚುತನ. ಮೊದಲು ಒಬ್ಬರೇ ಐವತ್ತು ಅರವತ್ತು ಕಿಲೋಮೀಟರ್ ಓಡಿಸಿ ನೋಡಲಿ. ಸ್ಪಾರ್ಕ್ ಪ್ಲಗ್, ಕಂಡೆನ್ಸರ್, ಕ್ಲಚ್ ಕೇಬಲ್, ಅಳತೆ ಮಾಡಿದ ಟು-ಟಿ ಆಯಿಲ್, ಟಾರ್ಚ್ ಚೀಲದಲ್ಲಿರಲಿ. ಕುಟುಂಬದೊಂದಿಗೆ ಹೋಗುವುದಾದರೆ ಬಸ್ಸಿದೆ. ಬೈಕ್ ಬೇಸರಿಸಿಕೊಳ್ಳುವುದಿಲ್ಲ.

ವರ್ಷದ ಖರ್ಚು ಕೂಡಿಸಿದಾಗ ಬೈಕಿನ ಬೆಲೆಯನ್ನೇ ಮುಟ್ಟುವಂತಿದ್ದರೆ ಮಾರುವ ಮಾತು ಬರುತ್ತದೆ. ಸೀಲ್ ಸೋರುವುದನ್ನು ಬಣ್ಣ ಬಳಿದು ಮುಚ್ಚಿ ಮಾರಿದರೆ ನಾಳೆ ಘಾಟಿಯಲ್ಲಿ ನಿಲ್ಲುವುದು ಇನ್ನೊಬ್ಬರ ಹೆಂಡತಿ ಮಕ್ಕಳು. ಕೊಳ್ಳುವವನ ಕೈಗೆ ಬೀಗದ ಕೈಯೊಂದಿಗೆ ಆ ನೋಟ್‌ಬುಕ್ಕನ್ನೂ ಕೊಡಿ. ಬೆಲೆ ಎರಡು ಸಾವಿರ ಕಡಿಮೆಯಾದೀತು, ಆಗಲಿ.