ದವಡೆಗೊಂದು ಜಿಗ್

ತುರ್ಭೆಯಲ್ಲಿ ಇರುವವರಿಗೆ ಡ್ರಿಲ್ ಜಿಗ್ ಎಂಬ ಪದ ಹೊಸದಲ್ಲ. ಠಾಣೆ-ಬೇಲಾಪುರ ರಸ್ತೆಯ ಪಕ್ಕದ ಎಂಐಡಿಸಿ ಗಾಲಾಗಳಲ್ಲಿ ಲೇತು, ಮಿಲ್ಲಿಂಗ್ ಮೆಶಿನುಗಳ ನಡುವೆ ಅರ್ಧ ಆಯುಷ್ಯ ಕಳೆದ ನಮ್ಮ ಊರಿನವರು ಎಷ್ಟೋ ಮಂದಿ ಇದ್ದಾರೆ. ನೂರು ಕಬ್ಬಿಣದ ತುಂಡುಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಕೋನದಲ್ಲಿ ತೂತು ಬೇಕು ಅಂದರೆ ಅಲ್ಲಿ ಯಾರೂ ಕೈಯನ್ನು ನಂಬುವುದಿಲ್ಲ. ತುಂಡನ್ನು ಹಿಡಿದಿಡುವ ಒಂದು ಚೌಕಟ್ಟು, ಅದರಲ್ಲಿ ಗಟ್ಟಿ ಉಕ್ಕಿನ ಒಂದು ಬುಶ್. ಡ್ರಿಲ್ ಆ ಬುಶ್‌ನ ಒಳಗಿಂದ ಇಳಿಯುತ್ತದೆ. ಎಲ್ಲಿ ಕೊರೆಯಬೇಕು ಎಂಬ ತೀರ್ಮಾನ ಮೊದಲೇ ಆಗಿರುತ್ತದೆ, ಕೊರೆಯುವವನು ಅದನ್ನು ಪಾಲಿಸಿದರೆ ಸಾಕು.

ಇದೇ ಜಿಗ್ ಈಗ ಮನುಷ್ಯನ ಬಾಯೊಳಗೆ ಬಂದಿದೆ. ಹಲ್ಲಿನ ಡಾಕ್ಟರರು ಇದನ್ನು ಸರ್ಜಿಕಲ್ ಗೈಡ್ ಅನ್ನುತ್ತಾರೆ. ಇಂಪ್ಲಾಂಟ್ ಕೂರಿಸುವಾಗ ಹಲ್ಲುಗಳ ಮೇಲೆ ಟೊಪ್ಪಿಯ ಹಾಗೆ ಕೂರುವ, ರೆಸಿನ್‌ನಲ್ಲಿ ಪ್ರಿಂಟ್ ಮಾಡಿದ ತುಣುಕು. ಅದರಲ್ಲಿ ಒಂದು ಲೋಹದ ಬುಶ್. ನನಗೆ ಇದರ ಪರಿಚಯ ಆದದ್ದು ಅಮ್ಮನ ದವಡೆಯಿಂದ.

ಅಮ್ಮ ಕಾರ್ಕಳದಿಂದ ಬಂದು ನಮ್ಮ ಜೊತೆ ಇದ್ದಾರೆ. ಕೆಳಗಿನ ಬಲಬದಿಯ ಕೊನೆಯ ಎರಡು ದವಡೆ ಹಲ್ಲುಗಳನ್ನು ಊರಿನಲ್ಲಿ ಯಾವಾಗಲೋ ಕೀಳಿಸಿದ್ದರು. ಎಡಬದಿಯಲ್ಲೇ ಅಗಿದು ಅಗಿದು ಅಲ್ಲಿಯೂ ನೋವು ಶುರುವಾಯಿತು. ಇಲ್ಲಿಯ ಡಾಕ್ಟರು ಇಂಪ್ಲಾಂಟ್ ಅಂದರು. ಅಮ್ಮ ಕೇಳಿದ್ದು ಒಂದೇ ಮಾತು: "ತುಟಿ ಜೋಮು ಹಿಡಿಯುವುದಿಲ್ಲವಲ್ಲ?" ನೆಂಟರಲ್ಲಿ ಒಬ್ಬರಿಗೆ ಬೇರೆಲ್ಲೋ ಹಾಗಾಗಿ, ಗಲ್ಲದ ಮೇಲೆ ಅನ್ನದ ಅಗುಳು ಅಂಟಿಕೊಂಡರೂ ಗೊತ್ತಾಗುತ್ತಿರಲಿಲ್ಲವಂತೆ.

ಆ ಹೆದರಿಕೆಗೆ ಆಧಾರವಿದೆ. ಕೆಳದವಡೆಯ ಮೂಳೆಯ ಒಳಗೆ ಒಂದು ನಾಳ ಹಾದುಹೋಗುತ್ತದೆ. ಕೆಳಗಿನ ಹಲ್ಲುಗಳಿಗೆ, ಕೆಳತುಟಿಗೆ, ಗಲ್ಲಕ್ಕೆ ಸ್ಪರ್ಶ ಕೊಡುವ ನರ ಅದರೊಳಗಿದೆ. ಹಲ್ಲು ಹೋದ ಮೇಲೆ ಮೂಳೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಮೇಲಿನ ಅಂಚು ಇಳಿಯುತ್ತದೆ, ನರ ಇದ್ದಲ್ಲೇ ಇರುತ್ತದೆ. ಅಮ್ಮನ ಸ್ಕ್ಯಾನ್‌ನಲ್ಲಿ ಅಂಚಿನಿಂದ ನಾಳಕ್ಕೆ ಇದ್ದದ್ದು 12 ಮಿಲಿಮೀಟರಿಗಿಂತ ತುಸು ಹೆಚ್ಚು. ಇಂಪ್ಲಾಂಟಿನ ತುದಿಗೂ ನರಕ್ಕೂ ನಡುವೆ ಕನಿಷ್ಠ 2 ಮಿಲಿಮೀಟರ್ ಬಿಡಬೇಕೆಂಬುದು ಎಲ್ಲರೂ ಒಪ್ಪಿದ ರೂಢಿ. ಸಾಲದ್ದಕ್ಕೆ, ಡ್ರಿಲ್ಲಿನ ಮೇಲೆ 10 ಎಂದು ಗುರುತು ಇದ್ದರೆ ಅದರ ಚೂಪು ತುದಿ ಆ ಲೆಕ್ಕಕ್ಕೆ ಸೇರದೆ ಇರಬಹುದು. ಕೆಲವು ಕಂಪನಿಗಳ ಡ್ರಿಲ್ಲಿನಲ್ಲಿ ಅದೇ ಸುಮಾರು 1 ಮಿಲಿಮೀಟರ್ ಹೆಚ್ಚು ಇಳಿಯುತ್ತದೆ. ಹೀಗೆ ಕಳೆಯುತ್ತ ಹೋಗಿ ಡಾಕ್ಟರು 8 ಮಿಲಿಮೀಟರ್ ಉದ್ದದ ಇಂಪ್ಲಾಂಟ್ ಆರಿಸಿದರು.

ಅಪಾಯ ನರದ್ದು ಮಾತ್ರವಲ್ಲ. ಕೆಳದವಡೆ ನಾಲಿಗೆಯ ಬದಿಯಲ್ಲಿ ಒಳಕ್ಕೆ ತಗ್ಗಾಗಿರುತ್ತದೆ. ಡ್ರಿಲ್ ವಾಲಿದರೆ ಆ ಬದಿಯ ಗೋಡೆ ತೂತಾಗಿ ನಾಲಿಗೆಯ ಕೆಳಗೆ ರಕ್ತಸ್ರಾವ ಆಗಬಹುದು. ನಾವೆಲ್ಲ ಒಮ್ಮೆಯಾದರೂ ತೆಗೆಸಿಕೊಂಡಿರುವ ಓಪಿಜಿ ಎಕ್ಸ್‌ರೇಯಲ್ಲಿ ಈ ತಗ್ಗು ಕಾಣುವುದೇ ಇಲ್ಲ. ಅದು ಚಪ್ಪಟೆ ಚಿತ್ರ; ಎತ್ತರ ತೋರಿಸುತ್ತದೆ, ಅದನ್ನೂ ಹಿಗ್ಗಿಸಿ ತೋರಿಸುತ್ತದೆ, ಅಗಲ ತೋರಿಸುವುದಿಲ್ಲ. ಅದಕ್ಕೆ ಸಿಬಿಸಿಟಿ ಬೇಕು.

ಇಂಪ್ಲಾಂಟ್ ಶುರುವಾದ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ. ಸ್ವೀಡನ್ನಿನ ಪರ್ ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತಸಂಚಾರ ನೋಡಲು ಟೈಟಾನಿಯಮ್ ಕೋಶವೊಂದನ್ನು ಕೂರಿಸಿದ್ದರು. ತೆಗೆಯಲು ಹೋದರೆ ಅದು ಮೂಳೆಗೆ ಕಚ್ಚಿಕೊಂಡಿತ್ತು. ಅದೇ ಗುಣವನ್ನು ಹಿಡಿದು 1965ರಲ್ಲಿ ಗೋಸ್ತಾ ಲಾರ್ಸನ್ ಎಂಬ ರೋಗಿಗೆ ಟೈಟಾನಿಯಮ್ ಇಂಪ್ಲಾಂಟ್ ಹಾಕಿದರು. ನಮ್ಮ ಮಣಿಪಾಲದ ದಂತ ವೈದ್ಯಕೀಯ ಕಾಲೇಜು ಶುರುವಾದದ್ದೂ ಅದೇ 1965ರಲ್ಲಿ. ಆಗ ಎಲ್ಲವೂ ಕೈ, ಕಣ್ಣು, ಅನುಭವದ ಮೇಲೆ. ಇವತ್ತಿಗೂ ಅನುಭವಸ್ಥ ಸರ್ಜನ್‌ಗಳು ಸುಲಭದ ಕೇಸುಗಳನ್ನು ಗೈಡ್ ಇಲ್ಲದೆಯೇ ಚೆನ್ನಾಗಿ ಮಾಡುತ್ತಾರೆ. ಗೈಡ್ ಇಲ್ಲ ಅಂದ ಕೂಡಲೇ ಡಾಕ್ಟರನ್ನು ಹಳೇ ಕಾಲದವರು ಅನ್ನಬೇಕಾಗಿಲ್ಲ.

ಗೈಡ್ ತಯಾರಾಗುವ ದಾರಿ ನನಗೆ ಬಹಳ ಪರಿಚಿತ ಅನಿಸಿತು, ಯಾಕೆಂದರೆ ಆಫೀಸಿನಲ್ಲಿ ನನ್ನ ಕೆಲಸವೂ ಇದೇ: ಎರಡು ಕಡೆಯಿಂದ ಬಂದ ಡೇಟಾವನ್ನು ಒಂದಕ್ಕೊಂದು ಹೊಂದಿಸುವುದು. ಸಿಬಿಸಿಟಿ ಮೂಳೆಯನ್ನು ಪುಟ್ಟ ಪುಟ್ಟ ಘನಗಳಾಗಿ ಒಡೆದು ತೋರಿಸುತ್ತದೆ. ಒಂದೊಂದು ಘನದ ಬದಿ ಸಾಮಾನ್ಯವಾಗಿ 0.2ರಿಂದ 0.4 ಮಿಲಿಮೀಟರ್. ಆದರೆ ಅದರಲ್ಲಿ ಒಸಡು ಸರಿಯಾಗಿ ಕಾಣುವುದಿಲ್ಲ, ಹಲ್ಲಿನ ಮೇಲ್ಮೈಯೂ ಗೈಡ್ ಕೂರಿಸುವಷ್ಟು ನಯವಾಗಿ ಬರುವುದಿಲ್ಲ. ಹಾಗಾಗಿ ಬಾಯೊಳಗೆ ಇನ್ನೊಂದು ಸ್ಕ್ಯಾನರ್ ಆಡಿಸಿ, ಇಲ್ಲವೇ ಅಚ್ಚು ತೆಗೆದು ಅದನ್ನು ಸ್ಕ್ಯಾನ್ ಮಾಡಿ, ಹಲ್ಲು ಮತ್ತು ಒಸಡಿನ ಮೇಲ್ಮೈ ಪಡೆಯುತ್ತಾರೆ. ಎರಡರಲ್ಲೂ ಕಾಣುವ ಹಲ್ಲುಗಳನ್ನು ಹಿಡಿದು ಒಂದರ ಮೇಲೊಂದು ಕೂರಿಸುತ್ತಾರೆ. ಆಮೇಲೆ ಸಾಫ್ಟ್‌ವೇರ್‌ನಲ್ಲಿ ಮೊದಲು ಬರಬೇಕಾದ ಹಲ್ಲನ್ನು ಇಟ್ಟು, ಅದರ ಕೆಳಗೆ ಇಂಪ್ಲಾಂಟ್ ಇಟ್ಟು, ನರವನ್ನು ಬಣ್ಣದ ಗೆರೆಯಲ್ಲಿ ಎಳೆದು, ಕೊನೆಗೆ ಬುಶ್ ಎಲ್ಲಿ ಬರಬೇಕು ಎಂದು ಗೊತ್ತುಮಾಡಿ ಪ್ರಿಂಟಿಗೆ ಕಳಿಸುತ್ತಾರೆ.

ಈ ಸರಪಳಿಯ ಯಾವ ಕೊಂಡಿಯಲ್ಲಿ ಬೇಕಾದರೂ ತಪ್ಪು ನುಸುಳಬಹುದು. ಸ್ಕ್ಯಾನ್ ಆಗುವಾಗ ರೋಗಿ ತಲೆ ಅಲ್ಲಾಡಿಸಿದರೆ ಚಿತ್ರ ಮಸುಕು. ಹಳೆಯ ಲೋಹದ ಕ್ಯಾಪುಗಳಿದ್ದರೆ ಅವುಗಳ ಸುತ್ತ ಸಿಬಿಸಿಟಿಯಲ್ಲಿ ಬಿಳಿ ಗೀರುಗಳು ಎದ್ದು, ಹೊಂದಿಸಲು ಬೇಕಾದ ಹಲ್ಲುಗಳೇ ಸರಿಯಾಗಿ ಕಾಣುವುದಿಲ್ಲ. ಅಲ್ಲಿ ಅರ್ಧ ಮಿಲಿಮೀಟರ್ ಜಾರಿದರೆ ಮುಂದಿನ ಎಲ್ಲ ಹಂತಗಳೂ ಅದೇ ಅರ್ಧ ಮಿಲಿಮೀಟರನ್ನು ಬಲು ನಿಷ್ಠೆಯಿಂದ ಹೊತ್ತುಕೊಂಡು ಹೋಗುತ್ತವೆ. ತೆರೆಯ ಮೇಲೆ ಮಾತ್ರ ಎಲ್ಲ ಸುಂದರವಾಗಿ ಕಾಣುತ್ತದೆ. ನಮ್ಮ ಕ್ಷೇತ್ರದಲ್ಲಿ ಇಂಥ ಸುಂದರ ಡ್ಯಾಶ್‌ಬೋರ್ಡುಗಳನ್ನು ನೋಡಿ ನೋಡಿ ನನಗೆ ಅಭ್ಯಾಸ.

ಕೊನೆಯ ಕೊಂಡಿಯನ್ನು ತೋರಿಸಿದ್ದು ನಮ್ಮ ಬಿಲ್ಡಿಂಗಿನ ಅಣ್ಣ. ಮೂಡಬಿದಿರೆ ಕಡೆಯವರು, ಎಂಐಡಿಸಿಯ ಟೂಲ್‌ರೂಮಿನಲ್ಲಿ ಬಹಳ ವರ್ಷ ದುಡಿದವರು. ಡಾಕ್ಟರು ಹಳೆಯ ಒಂದು ಮಾದರಿ ಗೈಡನ್ನು ಡ್ರಿಲ್ ಸಮೇತ ನಮಗೆ ನೋಡಲು ಕೊಟ್ಟಿದ್ದರು. ಅಣ್ಣ ಡ್ರಿಲ್ಲನ್ನು ಬುಶ್‌ಗೆ ಇಳಿಸಿ ಮೆಲ್ಲಗೆ ಅತ್ತಿತ್ತ ಆಡಿಸಿ, "ಇದರಲ್ಲಿ ಸ್ವಲ್ಪ ಆಟ ಉಂಟು ಮಾರಾಯ" ಅಂದರು. ಆಟ ಇರಲೇಬೇಕು, ಇಲ್ಲದಿದ್ದರೆ ಡ್ರಿಲ್ ತಿರುಗುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ: ಬುಶ್ 5 ಮಿಲಿಮೀಟರ್ ಉದ್ದ, ಸಡಿಲ 0.1 ಮಿಲಿಮೀಟರ್ ಅಂದುಕೊಂಡರೆ ಡ್ರಿಲ್ 1 ಡಿಗ್ರಿಗಿಂತ ತುಸು ಹೆಚ್ಚು ವಾಲಬಹುದು. ಬುಶ್ ಉದ್ದ ಆದಷ್ಟೂ ವಾಲುವುದು ಕಡಿಮೆ. "ಜಿಗ್ ಎಷ್ಟು ಒಳ್ಳೆಯದಿದ್ದರೂ ಜಾಬ್ ಅಲ್ಲಾಡಿದರೆ ಮುಗಿಯಿತು" ಅಂತ ಅಣ್ಣ ಇನ್ನೊಂದು ಮಾತು ಸೇರಿಸಿದರು.

ಎಲ್ಲ ಕೊಂಡಿಗಳೂ ಸೇರಿದ ಮೇಲೆ ಒಟ್ಟು ವ್ಯತ್ಯಾಸ ಎಷ್ಟು? ಗೈಡ್ ಬಳಸಿ ಹಾಕಿದ ಇಂಪ್ಲಾಂಟ್‌ಗಳ ಬಗೆಗಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2018ರಲ್ಲಿ ಒಂದು ವರದಿ ಬಂತು. ಯೋಜನೆಗೂ ವಾಸ್ತವಕ್ಕೂ ಸರಾಸರಿ ವ್ಯತ್ಯಾಸ ಒಳಹೋಗುವ ಜಾಗದಲ್ಲಿ 1.2 ಮಿಲಿಮೀಟರ್, ತುದಿಯಲ್ಲಿ 1.4 ಮಿಲಿಮೀಟರ್, ಕೋನದಲ್ಲಿ 3.5 ಡಿಗ್ರಿ. ಇದು ಸರಾಸರಿ, ಕೆಲವರಲ್ಲಿ ಇದಕ್ಕಿಂತ ಹೆಚ್ಚು ಎಂದೇ ಅರ್ಥ. 3.5 ಡಿಗ್ರಿ ಅಂದರೆ 10 ಮಿಲಿಮೀಟರ್ ಆಳದಲ್ಲಿ ಸುಮಾರು 0.6 ಮಿಲಿಮೀಟರ್ ಪಕ್ಕಕ್ಕೆ. ನರಕ್ಕೆ ಬಿಡುವ 2 ಮಿಲಿಮೀಟರ್ ಅಂತರವನ್ನು, ಗೈಡ್ ಇದೆಯಲ್ಲ ಎಂಬ ಧೈರ್ಯದಿಂದ ಯಾರೂ ಕಡಿಮೆ ಮಾಡಬಾರದು ಅನ್ನುವುದು ಇದಕ್ಕೇ.

ಗೈಡ್ ಯಾವುದರ ಮೇಲೆ ಕೂರುತ್ತದೆ ಎಂಬುದೂ ಮುಖ್ಯ. ಗಟ್ಟಿ ಹಲ್ಲುಗಳ ಮೇಲೆ ಕೂರುವುದು ಹೆಚ್ಚು ಭರವಸೆಯದು. ಒಂದೂ ಹಲ್ಲಿಲ್ಲದ ಬಾಯಲ್ಲಿ ಒಸಡಿನ ಮೇಲೆ ಕೂರಿಸಬೇಕು. ಒಸಡು ಮೆತ್ತಗಿರುವುದರಿಂದ ಪಿನ್ನು ಹೊಡೆದು ಮೂಳೆಗೆ ಬಿಗಿಯುತ್ತಾರೆ. ಅಮ್ಮನದ್ದು ಇವೆರಡರ ನಡುವಿನ ಕೇಸು. ಕೊನೆಯ ಎರಡು ಹಲ್ಲುಗಳೇ ಇಲ್ಲದ ಕಾರಣ ಗೈಡಿಗೆ ಮುಂದೆ ಮಾತ್ರ ಆಸರೆ, ಹಿಂದೆ ಇಲ್ಲ. ಒತ್ತಿದರೆ ಹಿಂದಿನ ತುದಿ ಬಗ್ಗುತ್ತದೆ, ಬಾಲ್ಕನಿಯ ತುದಿಯಲ್ಲಿ ನಿಂತ ಹಾಗೆ.

ನಿಜವಾದ ತೊಡಕು ಬಂದದ್ದು ನಾವು ಯೋಚಿಸದ ಕಡೆಯಿಂದ. ಗೈಡ್ ಮತ್ತು ಬುಶ್‌ನ ಎತ್ತರವನ್ನು ದಾಟಿ ಮೂಳೆಗೆ ಇಳಿಯಬೇಕಾದ್ದರಿಂದ ಡ್ರಿಲ್ ಸುಮಾರು 1 ಸೆಂಟಿಮೀಟರ್ ಹೆಚ್ಚು ಉದ್ದ ಇರಬೇಕು. ಅದರ ಮೇಲೆ ಹ್ಯಾಂಡ್‌ಪೀಸಿನ ತಲೆ. ಅಷ್ಟೂ ಹಿಡಿಸುವಷ್ಟು ಬಾಯಿ ತೆರೆಯಬೇಕು. ನಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಲು ಬಂದರೆ ಸಾಮಾನ್ಯ ಅನ್ನುತ್ತಾರೆ. ಅಮ್ಮನಿಗೆ ಎರಡು ಬೆರಳು, ಅದೂ ಕಷ್ಟದಲ್ಲಿ. ಡಾಕ್ಟರು ಕನ್ನಡಿ ಹಿಡಿದು ಕೆನ್ನೆಯ ಒಳಭಾಗ ನೋಡಿ, "ಸುಪಾರಿ ಖಾತಾತ್ ಕಾ?" ಎಂದು ಮರಾಠಿಯಲ್ಲಿ ಕೇಳಿದರು. ಅಮ್ಮ ನನ್ನ ಮುಖ ನೋಡಿದರು. ನಲವತ್ತು ವರ್ಷದ ಎಲೆಯಡಿಕೆ. ಅಡಿಕೆ ಕೆನ್ನೆಯ ಒಳಪದರವನ್ನು ನಾರು ನಾರಾಗಿ ಬಿಗಿಸುತ್ತದೆ, ಬಾಯಿ ನಿಧಾನಕ್ಕೆ ಮುಚ್ಚುತ್ತ ಬರುತ್ತದೆ. ಈ ಸ್ಥಿತಿ ಕ್ಯಾನ್ಸರಿಗೂ ತಿರುಗಬಹುದು, ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು. ಅಡಿಕೆ ತೋಟದ ನಾಡಿನಿಂದ ಬಂದ ನಮ್ಮ ಎಷ್ಟು ಮನೆಗಳಲ್ಲಿ ಇದನ್ನು ಯಾರಾದರೂ ಬೆರಳಿಟ್ಟು ಅಳೆದು ನೋಡಿದ್ದಾರೆ?

ಹೀಗಾಗಿ ಯೋಜನೆ ಬದಲಾಯಿತು. ಕೊನೆಯ ಹಲ್ಲಿನ ಜಾಗಕ್ಕೆ ಡ್ರಿಲ್ ತಲುಪುವುದೇ ಇಲ್ಲ, ಅದನ್ನು ಬಿಟ್ಟರು. ಅದರ ಮುಂದಿನದಕ್ಕೆ ಮಾತ್ರ ಒಂದು ಇಂಪ್ಲಾಂಟ್. ಅದಕ್ಕೂ ಪೂರ್ತಿ ಗೈಡ್ ಅಲ್ಲ, ಪೈಲಟ್ ಗೈಡ್: 2 ಮಿಲಿಮೀಟರ್ ದಪ್ಪದ ಮೊದಲ ಡ್ರಿಲ್ ಮಾತ್ರ ಬುಶ್‌ನಿಂದ ಇಳಿದು ಜಾಗ ಮತ್ತು ದಿಕ್ಕು ಹಾಕಿಕೊಡುತ್ತದೆ. ಆಮೇಲೆ ಗೈಡ್ ತೆಗೆದು, ಆ ತೂತಿನಲ್ಲಿ ಪಿನ್ನು ನಿಲ್ಲಿಸಿ ಎಕ್ಸ್‌ರೇ ನೋಡಿ, ಉಳಿದ ಅಗಲವನ್ನು ಕೈಯಲ್ಲೇ ಕೊರೆಯುವುದು. ಹೀಗೆ ಮಾಡಿದರೆ ಇನ್ನೊಂದು ಅನುಕೂಲವೂ ಇದೆ. ಮೂಳೆ ಬಿಸಿಯಾಗಬಾರದು, 47 ಡಿಗ್ರಿ ಸೆಲ್ಸಿಯಸ್ ಒಂದು ನಿಮಿಷ ತಾಗಿದರೆ ಮೂಳೆಗೆ ಹಾನಿ ಎಂದು ಸ್ವೀಡನ್ನಿನ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ 1983ರಲ್ಲಿ ಮೊಲಗಳಲ್ಲಿ ತೋರಿಸಿದ್ದರು. ಕೊರೆಯುವಾಗ ತಣ್ಣೀರು ಹರಿಸುವುದು ಅದಕ್ಕೆ, ಗೈಡ್ ಆ ನೀರಿಗೆ ಅಡ್ಡ ಕೂರುತ್ತದೆ. ಬುಶ್ ಇದ್ದರೆ ಡಾಕ್ಟರು ನಡುನಡುವೆ ಡ್ರಿಲ್ ಎತ್ತಿ ಎತ್ತಿ ಇಳಿಸಬೇಕು.

ಗೈಡೇ ಬೇಡ, ಕ್ಯಾಮೆರಾ ನೋಡಿಕೊಂಡು ಡ್ರಿಲ್ ಎಲ್ಲಿದೆ ಎಂದು ತೆರೆಯ ಮೇಲೆ ತೋರಿಸುವ ನ್ಯಾವಿಗೇಶನ್ ಕೂಡ ಇದೆ. ಅಮೆರಿಕದಲ್ಲಿ ಯೋಮಿ ಎಂಬ ರೋಬೊಗೆ 2016ರ ಕೊನೆಯಲ್ಲಿ ಅನುಮತಿ ಸಿಕ್ಕಿತು. 2017ರಲ್ಲಿ ಚೀನಾದ ಶಿಯಾನ್‌ನಲ್ಲಿ ರೋಬೊ ತಾನೇ ಇಂಪ್ಲಾಂಟ್ ಕೂರಿಸಿತು. ನಮಗೆ ಸದ್ಯಕ್ಕೆ ಕೈಗೆಟುಕುವುದು ಪ್ರಿಂಟ್ ಮಾಡಿದ ಗೈಡೇ. ನೆರೂಳ್, ಬೇಲಾಪುರ, ಕಾಮೋಠೆಗಳಲ್ಲಿ ದಂತ ಕಾಲೇಜುಗಳಿವೆ, ಮುಂಬಯಿ ಸೆಂಟ್ರಲ್‌ನಲ್ಲಿ ಪಾಲಿಕೆಯ ನಾಯರ್ ದಂತ ಕಾಲೇಜಿದೆ. ಎರಡನೇ ಅಭಿಪ್ರಾಯ ಬೇಕಿದ್ದವರಿಗೆ ದೂರವೇನಲ್ಲ.

ಬಿಲ್ಲಿನಲ್ಲಿ ಗೈಡಿಗೆ ಬೇರೆ ಸಾಲು ಇದ್ದರೆ ಒಂದು ಮಾತು ವಿಚಾರಿಸಿಕೊಳ್ಳಿ: ಇದು ಸಿಬಿಸಿಟಿ ನೋಡಿ ಮಾಡಿದ್ದೋ, ಬರೀ ಅಚ್ಚಿನ ಮೇಲೆ ಪ್ಲಾಸ್ಟಿಕ್ ಹಾಳೆ ಒತ್ತಿ ತೂತು ಮಾಡಿದ್ದೋ? ಎರಡಕ್ಕೂ ಗೈಡ್ ಎಂದೇ ಹೆಸರು. ಎರಡನೆಯದಕ್ಕೆ ಹಲ್ಲು ಎಲ್ಲಿ ಬರಬೇಕು ಎಂಬುದು ಗೊತ್ತು, ಒಳಗಿನ ಮೂಳೆಯಾಗಲಿ ನರವಾಗಲಿ ಗೊತ್ತಿಲ್ಲ. ಯೋಜನೆ ಮಾಡಿದ್ದು ದೂರದ ಲ್ಯಾಬಿನ ಹುಡುಗರಾದರೆ, ನರದ ಗೆರೆಯನ್ನು ನಿಮ್ಮ ಡಾಕ್ಟರು ತಾವೇ ನೋಡಿ ಒಪ್ಪಿದ್ದಾರೆಯೇ ಎಂದೂ ಕೇಳಿ. ಅಮ್ಮನ ಡಾಕ್ಟರು ಆ ಗೆರೆಯನ್ನು ನಮ್ಮೆದುರಿಗೇ ಎರಡು ಸಲ ತಿದ್ದಿದರು. ಸರ್ಜರಿಯ ಮೊದಲೇ ಒಂದು ದಿನ ಗೈಡನ್ನು ಬಾಯಲ್ಲಿ ಕೂರಿಸಿ, ಅದರಲ್ಲಿ ಬಿಟ್ಟಿದ್ದ ಕಿಟಕಿಗಳ ಮೂಲಕ ಹಲ್ಲಿಗೆ ಪೂರ್ತಿ ತಾಗಿದೆಯೇ ಎಂದು ಪರೀಕ್ಷಿಸಿದರು.

ಸರ್ಜರಿ ಆದ ಸಂಜೆ ಮದ್ದಿನ ಜೋಮು ಇಳಿಯುವವರೆಗೆ ಅಮ್ಮ ತುಟಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ರಾತ್ರಿ ಎಂಟರ ಹೊತ್ತಿಗೆ, ತಣ್ಣಗಿನ ಗಂಜಿ ತುಟಿಗೆ ತಾಗಿದ್ದು ಗೊತ್ತಾಯಿತು ಅಂದರು. ಮೂಳೆ ಕಚ್ಚಿಕೊಳ್ಳಲು ಮೂರು ತಿಂಗಳು ಬಿಟ್ಟು ಮೇಲಿನ ಹಲ್ಲು ಕೂರಿಸುತ್ತಾರೆ. ಎಲೆಯಡಿಕೆ ತಟ್ಟೆ ಇನ್ನೂ ಕಪಾಟಿನ ಮೇಲಿದೆ. ಅಡಿಕೆ ಮಾತ್ರ ಅದರಲ್ಲಿಲ್ಲ.